ಗಡಿಯಾಚೆಯ ದಂಡ

ಬೀದರ ನಗರದ ಹಳೆಯ ಕೋಟೆಗೋಡೆಯ ಒಳಗೆ, ಚೌಬಾರಾದಿಂದ ಕೂಗಳತೆಯ ದೂರದಲ್ಲಿರುವ ಮನೆಯೊಂದಕ್ಕೆ ಮಳೆಗಾಲದ ಒಂದು ಬೆಳಗ್ಗೆ ದಂಡದ ಓಲೆ ಬಂದಿತು. ಓಲೆಯೆಂದದ್ದು ರೂಢಿಯ ಮಾತು. ಬಂದದ್ದು ಮೊಬೈಲಿನ ಪರದೆಯ ಮೇಲೆ. ಮನೆಯ ಯಜಮಾನರು ನಿವೃತ್ತ ಮಾಸ್ತರರು. ಕನ್ನಡಕವನ್ನು ಎರಡು ಸಾರಿ ಒರೆಸಿ, ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದರು. ಹೈದರಾಬಾದಿನ ಹೊರವಲಯದ ರಸ್ತೆಯಲ್ಲಿ ತಮ್ಮ ಕಾರು ನಿಗದಿತ ವೇಗವನ್ನು ಮೀರಿ ಓಡಿತೆಂದೂ, ಅದಕ್ಕಾಗಿ 1,035 ರೂಪಾಯಿ ಸಲ್ಲಿಸಬೇಕೆಂದೂ ಅಲ್ಲಿ ಬರೆದಿತ್ತು. ಜೊತೆಗೆ ಒಂದು ಚಿತ್ರ. ಬಿಳಿಯ ಕಾರಿನ ಹಿಂಭಾಗ. ಕೆಎ 38 ಎಂದು ಆರಂಭವಾಗುವ ಸಂಖ್ಯೆ. ಹಿಂದಿನ ಗಾಜಿನ ಮೇಲೆ ಮೊಮ್ಮಗಳು ಅಂಟಿಸಿದ್ದ ಗಿಣಿಯ ಚೀಟಿ. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಕಾರು ಅವರದೇ.

ತೊಂದರೆಯೆಂದರೆ, ಆ ದಿನ ಮಾಸ್ತರರು ಬೀದರ ಬಿಟ್ಟು ಹೊರಗೆ ಕಾಲಿಟ್ಟಿರಲೇ ಇಲ್ಲ. ಸೋಮವಾರವಾದ್ದರಿಂದ ಪತ್ನಿಯೊಡನೆ ಪಾಪನಾಶ ದೇವಸ್ಥಾನಕ್ಕೆ ಆಟೋದಲ್ಲಿ ಹೋಗಿ ಬಂದಿದ್ದರು. ಪಾಪನಾಶನ ಸನ್ನಿಧಿಯಲ್ಲಿ ಕೈಮುಗಿದು ನಿಂತ ಗಳಿಗೆಯಲ್ಲೇ ನೂರು ಚಿಲ್ಲರೆ ಕಿಲೋಮೀಟರಿನಾಚೆ ತಮ್ಮ ಹೆಸರಿಗೆ ಹೊಸ ಪಾಪವೊಂದು ಜಮೆಯಾಯಿತಲ್ಲ ಎಂದು ಅವರಿಗೆ ಸೋಜಿಗವಾಯಿತು.

ಕಾರನ್ನು ಒಯ್ದವನು ಭಾಲ್ಕಿಯಲ್ಲಿರುವ ತಂಗಿಯ ಮಗ. ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಹೈದರಾಬಾದಿಗೆ ಹೋಗಬೇಕಾಗಿತ್ತು. ಭಾಲ್ಕಿಯಿಂದ ಬಸ್ಸಿನಲ್ಲಿ ಬೀದರಿಗೆ ಬಂದು, ಮಾವನ ಕಾರು ಕೇಳಿ ಪಡೆದು, ಸಂಜೆಗೆ ಒಪ್ಪಿಸಿ ಹೋಗಿದ್ದ. ಮಾಸ್ತರರು ದೂರವಾಣಿಯಲ್ಲಿ ವಿಷಯ ತಿಳಿಸಿದಾಗ ಅವನಿಗೆ ಎಳ್ಳಷ್ಟೂ ಗಾಬರಿಯಾಗಲಿಲ್ಲ.

“ಅದು ತೆಲಂಗಾಣದ್ದು ಮಾವಾ. ಪರರಾಜ್ಯದ ದಂಡ. ಬೀದರಿನಾಗ ಯಾರು ಕೇಳ್ತಾರ? ಹಂಗೇ ಬಿಟ್ಟುಬಿಡ್ರಿ.”

ಹಾಗೆಯೇ ಬಿಟ್ಟುಬಿಡುವ ಸ್ವಭಾವ ಮಾಸ್ತರರದಲ್ಲ. 1976ರಲ್ಲಿ, ಔರಾದಿನ ಶಾಲೆಯಲ್ಲಿ ಮೊದಲ ನೌಕರಿ ಹಿಡಿದ ಮರುವರ್ಷ, ಲ್ಯಾಂಬ್ರೆಟ್ಟಾ ಸ್ಕೂಟರಿಗಾಗಿ ಅವರು ವಾಹನ ಪರವಾನಗಿ ಪಡೆದಿದ್ದರು. ಆಗಿನ ಪರವಾನಗಿ ಈಗಿನಂತೆ ಒಂದು ಬಿಲ್ಲೆಯಾಗಿರಲಿಲ್ಲ. ಗಟ್ಟಿ ರಟ್ಟಿನ ಪುಟ್ಟ ಪುಸ್ತಕ. ಅದರ ಕೊನೆಯ ಪುಟಗಳನ್ನು ಷರಾ ಬರೆಯುವುದಕ್ಕೆಂದೇ ಖಾಲಿ ಬಿಟ್ಟಿರುತ್ತಿದ್ದರು. ಚಾಲಕನು ತಪ್ಪು ಮಾಡಿ ಶಿಕ್ಷೆಗೊಳಗಾದರೆ ಅಲ್ಲಿ ಬರೆದು ಮೊಹರು ಒತ್ತುವುದು ಆಗಿನ ಕ್ರಮ. ಮಾಸ್ತರರ ಪುಸ್ತಕದ ಆ ಪುಟಗಳು ಇಂದಿಗೂ ಖಾಲಿಯಾಗಿಯೇ ಇವೆ. ಪರವಾನಗಿ ಎರಡು ಸಾರಿ ರೂಪ ಬದಲಿಸಿದರೂ ಆ ಪುಸ್ತಕವನ್ನು ಅವರು ಟ್ರಂಕಿನಲ್ಲಿ ಜೋಪಾನವಾಗಿಟ್ಟಿದ್ದಾರೆ. ಕೆಲವರು ಚಿನ್ನದ ಪದಕ ಇಟ್ಟುಕೊಳ್ಳುವುದಿಲ್ಲವೆ, ಹಾಗೆ.

ಆದುದರಿಂದ ಅವರ ಪ್ರಶ್ನೆ ಹಣದ್ದಲ್ಲ. ಪರರಾಜ್ಯದಲ್ಲಿ ಬಿದ್ದ ದಂಡ ತವರಿನಲ್ಲಿರುವ ಪರವಾನಗಿಗೆ ಮಸಿ ಬಳಿಯುತ್ತದೆಯೇ, ಇಲ್ಲವೇ ಎಂಬುದು ಅವರಿಗೆ ತಿಳಿಯಬೇಕಾಗಿತ್ತು.

‘ಪರರಾಜ್ಯ’ವೆಂಬ ಮಾತೂ ಬೀದರಿನವರ ಬಾಯಲ್ಲಿ ಸ್ವಲ್ಪ ವಿಚಿತ್ರವಾಗಿಯೇ ಕೇಳಿಸುತ್ತದೆ. ಬೀದರ ಬಿಟ್ಟ ಅರ್ಧ ಗಂಟೆಯಲ್ಲಿ ತೆಲಂಗಾಣ. ಭಾಲ್ಕಿಯವರ ಪೇಟೆ ವ್ಯವಹಾರದ ಪಾಲು ಉದಗೀರಿನಲ್ಲೂ ಉಂಟು. ಔರಾದಿನಿಂದ ಉತ್ತರಕ್ಕೆ ಹೊರಟರೆ ದೇಗಲೂರು, ಅದರಾಚೆ ನಾಂದೇಡ. 1956ರ ನವೆಂಬರ್ 1ರವರೆಗೆ ಉದಗೀರ್, ನಿಲಂಗಾ, ಅಹಮದಪುರಗಳು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯ ತಾಲೂಕುಗಳೇ ಆಗಿದ್ದವು. ಜಹೀರಾಬಾದ್, ನಾರಾಯಣಖೇಡಗಳೂ ಹಾಗೆಯೇ. ಆ ದಿನ ಬೆಳಗಾಗುವಷ್ಟರಲ್ಲಿ ಮೊದಲಿನ ಮೂರು ಮುಂಬಯಿ ರಾಜ್ಯಕ್ಕೂ ಕೊನೆಯ ಎರಡು ಆಂಧ್ರಕ್ಕೂ ಹೋದವು. ಉಳಿದ ಬೀದರ ಮೈಸೂರಿಗೆ ಬಂದಿತು. ಮಾಸ್ತರರ ತಾಯಿಯ ತವರು ಉದಗೀರ್. ಆ ತವರುಮನೆ ಕದಲದೆ ನಿಂತಲ್ಲೇ ನಿಂತು ಬೀದರ ಜಿಲ್ಲೆಯಿಂದ ಉಸ್ಮಾನಾಬಾದಿಗೂ, 1960ರಲ್ಲಿ ಮಹಾರಾಷ್ಟ್ರಕ್ಕೂ, 1982ರಲ್ಲಿ ಲಾತೂರು ಜಿಲ್ಲೆಗೂ ಪ್ರಯಾಣ ಮಾಡಿತು. ಜಹೀರಾಬಾದೂ ಅಷ್ಟೆ, 2014ರಲ್ಲಿ ತೆಲಂಗಾಣ, 2016ರಲ್ಲಿ ಸಂಗಾರೆಡ್ಡಿ ಜಿಲ್ಲೆ. ಒಂದೇ ಸಂಸಾರದ ಮದುವೆಯ ದಿಬ್ಬಣ ಈ ಭಾಗದಲ್ಲಿ ಊಟದ ಹೊತ್ತಿಗೆ ಎರಡು ರಾಜ್ಯ ಸುತ್ತಿ ಬರುತ್ತದೆ. ಹೀಗಿರಲು ಯಾವ ಊರಿನ ಪೊಲೀಸನು ತಮ್ಮವನು, ಯಾವನು ಪರಕೀಯನು ಎಂದು ಹೇಳುವುದು ಹೇಗೆ?

ಇದರ ಜೊತೆಗೆ ಇನ್ನೊಂದು ಚೋದ್ಯ. ಒಂದೇ ತಪ್ಪಿಗೆ ಮೂರು ದಿಕ್ಕಿನಲ್ಲಿ ಬೇರೆ ಬೇರೆ ಬೆಲೆ ಇರಬಹುದು. 2019ರ ಸೆಪ್ಟೆಂಬರ್ 1ರಿಂದ ಕೇಂದ್ರದ ಹೊಸ ತಿದ್ದುಪಡಿ ಜಾರಿಗೆ ಬಂದು ದಂಡಗಳು ಏಕಾಏಕಿ ಏರಿದವು. ಹೆಲ್ಮೆಟ್ ಇಲ್ಲದ ಸವಾರನಿಗೆ ಕಾಯ್ದೆಯಲ್ಲಿ 1,000 ರೂಪಾಯಿ. ಜನರ ಗೊಣಗಾಟ ಕೇಳಿ ಕರ್ನಾಟಕ ಅದೇ ತಿಂಗಳು ಅದನ್ನು 500ಕ್ಕೆ ಇಳಿಸಿತು. ತೆಲಂಗಾಣ ಆಗ ಹೊಸ ದರಗಳನ್ನು ಜಾರಿಗೆ ತರಲೇ ಇಲ್ಲ. ಸ್ಥಳದಲ್ಲೇ ರಾಜಿ ಮಾಡಿ ದಂಡ ಕಟ್ಟಿಸಿಕೊಳ್ಳುವ ದರವನ್ನು ಗೊತ್ತುಮಾಡುವ ಅಧಿಕಾರ ಆಯಾ ರಾಜ್ಯದ್ದಾದುದರಿಂದ ಹೀಗಾಗುತ್ತದೆ. ಅದು ಸಾಲದೆಂಬಂತೆ ಆಷಾಢದ ಬಟ್ಟೆ ಅಂಗಡಿಗಳಂತೆ ರಿಯಾಯಿತಿಯೂ ಬರತೊಡಗಿತು. 2022ರ ಮಾರ್ಚಿನಲ್ಲಿ ತೆಲಂಗಾಣ ದ್ವಿಚಕ್ರ ವಾಹನಗಳ ಬಾಕಿಯಲ್ಲಿ ನೂರಕ್ಕೆ 75ರಷ್ಟನ್ನು ಬಿಟ್ಟುಕೊಟ್ಟಿತು. 2023ರ ಡಿಸೆಂಬರಿನಲ್ಲಿ ಇನ್ನೊಮ್ಮೆ, ಆಗ 80ರಷ್ಟು. ಕರ್ನಾಟಕ 2023ರ ಫೆಬ್ರುವರಿಯಲ್ಲಿ ಅರ್ಧ ಬಿಟ್ಟಿತು, 2025ರ ಆಗಸ್ಟಿನಲ್ಲಿ ಮತ್ತೆ ಅರ್ಧ. ತಕ್ಷಣವೇ ಪ್ರಾಮಾಣಿಕವಾಗಿ ಕಟ್ಟಿದವನು ಪೆದ್ದನಂತೆ ಕಾಣುವ ಏರ್ಪಾಡು ಇದು. ಅಳಿಯನ ಎರಡನೆಯ ವಾದವೂ ಇದೇ ಆಗಿತ್ತು: “ಮುಂದಿನ ರಿಯಾಯಿತಿ ತನಕ ತಡೀರಿ ಮಾವಾ.”

ಮಾಸ್ತರರು ತಡೆಯಲಿಲ್ಲ. ಪಾಠಕ್ಕೆ ಮುನ್ನ ಪುಸ್ತಕ ನೋಡಿಕೊಂಡು ಹೋಗುವ ಹಳೆಯ ಅಭ್ಯಾಸದಂತೆ ಕಾಯ್ದೆಯ ಪುಸ್ತಕವನ್ನೇ ತರಿಸಿ ಓದಲು ಕುಳಿತರು. 1988ರ ಮೋಟಾರು ವಾಹನ ಕಾಯ್ದೆಯ 13ನೆಯ ಕಲಮು ಮೊದಲು ಕಣ್ಣಿಗೆ ಬಿತ್ತು. ಭಾರತದಲ್ಲಿ ಎಲ್ಲಿಯೇ ಕೊಟ್ಟ ಪರವಾನಗಿಯಾಗಲಿ, ಅದು ಇಡೀ ಭಾರತಕ್ಕೆ ಅನ್ವಯಿಸುತ್ತದೆ. ಬೀದರಿನ ಕಚೇರಿಯಲ್ಲಿ ಕೊಟ್ಟದ್ದು ಹೈದರಾಬಾದಿನಲ್ಲೂ ನಡೆಯುತ್ತದೆ, ಲಾತೂರಿನಲ್ಲೂ ನಡೆಯುತ್ತದೆ. ಹಾಗಾದರೆ ತಪ್ಪೂ ಜೊತೆಯಲ್ಲೇ ನಡೆದು ಬರಬೇಕಲ್ಲ? ಬರುತ್ತದೆ. ರಾಜ್ಯಗಳಲ್ಲಿ ಬೇರೆ ಬೇರೆಯಾಗಿದ್ದ ಪರವಾನಗಿಗಳ ದಫ್ತರುಗಳನ್ನು ಸೇರಿಸಿ ರಾಷ್ಟ್ರೀಯ ದಫ್ತರವೊಂದನ್ನು ಇಡಬೇಕೆಂದು 2019ರ ತಿದ್ದುಪಡಿ ವಿಧಿಸಿದೆ. ವಾಹನಗಳಿಗೂ ಹಾಗೆಯೇ ಒಂದು. ಗಡಿಯ ಕಲ್ಲು ದಾಟಿದರೆ ಕೈ ತೊಳೆದಂತೆ ಎಂಬ ಅಳಿಯನ ನಂಬಿಕೆಗೆ ಕಾಯ್ದೆಯಲ್ಲಿ ಆಧಾರವಿಲ್ಲ. ಒಂದು ಮಾತನ್ನು ಮಾತ್ರ ಅವನ ಪರವಾಗಿ ಹೇಳಬೇಕು: ತೆಲಂಗಾಣ ಬಹುಕಾಲ ತನ್ನ ಸಾರಿಗೆ ಲೆಕ್ಕವನ್ನು ಕೇಂದ್ರದ ‘ವಾಹನ್’ ವ್ಯವಸ್ಥೆಗೆ ಸೇರಿಸದೆ ಬೇರೆಯಾಗಿ ಇಟ್ಟುಕೊಂಡಿತ್ತು. ಬೀದರಿನವರ ಈ ಧೈರ್ಯಕ್ಕೆ ಅದೂ ಒಂದು ಕಾರಣವಿರಬಹುದು.

ಆದರೆ ಓದುತ್ತ ಹೋದಂತೆ ಮಾಸ್ತರರಿಗೆ ತಮ್ಮ ಪ್ರಶ್ನೆಯನ್ನೇ ತಿದ್ದಿಕೊಳ್ಳಬೇಕಾಯಿತು. ದಂಡ ಗಡಿ ದಾಟುತ್ತದೆಯೇ ಎಂದು ಕೇಳಿದರೆ ಸಾಲದು. ದಂಡ ಯಾವುದಕ್ಕೆ ಅಂಟಿಕೊಂಡಿತು ಎಂದು ಮೊದಲು ಕೇಳಬೇಕು. ರಸ್ತೆಯ ಮೇಲಿನ ಕ್ಯಾಮೆರಾ ನೋಡುವುದು ವಾಹನವನ್ನು. ಅದಕ್ಕೆ ಮುಖ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಆ ದಂಡ ವಾಹನದ ಲೆಕ್ಕಕ್ಕೆ ಸೇರುತ್ತದೆ. ಮಾಲೀಕನಿಗೆ ಓಲೆ ಬರುತ್ತದೆ. ಕಾರನ್ನು ಮಾರುವಾಗ, ಬೇರೆ ರಾಜ್ಯಕ್ಕೆ ಒಯ್ಯಲು ನಿರಾಕ್ಷೇಪಣಾ ಪತ್ರ ಕೇಳುವಾಗ, ಆ ಬಾಕಿ ಎದುರಿಗೆ ಬಂದು ನಿಲ್ಲುತ್ತದೆ. ಕಟ್ಟದೆ ಹೋದರೆ ನ್ಯಾಯಾಲಯದ ಮೆಟ್ಟಿಲೇರುತ್ತದೆ. ಇಷ್ಟಾದರೂ ಪರವಾನಗಿಯ ಮೇಲೆ ಷರಾ ಬೀಳುವುದಿಲ್ಲ, ಏಕೆಂದರೆ ಚಕ್ರ ಹಿಡಿದವನು ಯಾರೆಂಬುದೇ ಸಿದ್ಧವಾಗಿಲ್ಲ. ಯಾರೆಂದು ಪೊಲೀಸರು ಕೇಳಿದರೆ ಮಾಲೀಕನು ಹೇಳಬೇಕೆಂದು 133ನೆಯ ಕಲಮು ಹೇಳುತ್ತದೆ. ಕೇಳಿದರೆ! ಸಾವಿರ ರೂಪಾಯಿಯ ದಂಡ ಜಮೆಯಾದ ಮೇಲೆ ಅಷ್ಟು ದೂರ ಯಾರು ಕೇಳಲು ಹೋಗುತ್ತಾರೆ?

ರಸ್ತೆಯಲ್ಲಿ ನಿಂತ ಪೊಲೀಸನು ನೋಡುವುದು ಮನುಷ್ಯನನ್ನು. ಅವನು ಕೈಚಾಚಿ ಕೇಳುವುದು ಪರವಾನಗಿಯನ್ನು. ಅತಿವೇಗ, ಅಪಾಯಕರ ಚಾಲನೆ, ಕುಡಿದು ಓಡಿಸುವುದು, ಹೆಲ್ಮೆಟ್ ಇಲ್ಲದಿರುವುದು — ಇಂಥ ಕೆಲವು ತಪ್ಪುಗಳಲ್ಲಿ ಆತನು ಪರವಾನಗಿಯನ್ನು ವಶಪಡಿಸಿಕೊಂಡು, ರಸೀದಿ ಕೊಟ್ಟು, ಪರವಾನಗಿ ಅಧಿಕಾರಿಗೆ ಕಳುಹಿಸಬೇಕೆಂದು 206ನೆಯ ಕಲಮಿಗೆ 2019ರಲ್ಲಿ ಸೇರಿಸಿದ ಉಪಕಲಮು ಹೇಳುತ್ತದೆ. ಅಧಿಕಾರಿ ಚಾಲಕನ ಮಾತು ಕೇಳಿ ಬಿಡಬಹುದು. ಇಲ್ಲವೆ ಮೊದಲ ತಪ್ಪಿಗೆ ಮೂರು ತಿಂಗಳು ಅನರ್ಹಗೊಳಿಸಬಹುದು. ಎರಡನೆಯ ಸಾರಿಯಾದರೆ ಪರವಾನಗಿಯನ್ನೇ ರದ್ದುಮಾಡಬಹುದು. ಹಳೆಯ ಪುಸ್ತಕದ ಕೊನೆಯ ಪುಟಗಳು ಕಾಯುತ್ತಿದ್ದುದು ಇಂಥದ್ದಕ್ಕೇ. ಒಮ್ಮೆ ಬಿದ್ದ ಷರಾ ಹೊಸ ಪರವಾನಗಿಗೂ ಹಿಂಬಾಲಿಸಿ ಬರುತ್ತದೆ. ಮೂರು ವರ್ಷ ಮತ್ತೆ ಷರಾ ಬೀಳದಂತೆ ನಡೆದುಕೊಂಡರೆ ಮಾತ್ರ ಶುದ್ಧವಾದ ಪರವಾನಗಿ ಕೇಳುವ ಹಕ್ಕು. ಬರಿಯ ವೇಗದ ತಪ್ಪಿಗಾದರೆ ಒಂದು ವರ್ಷ ಸಾಕು.

ಮಾಸ್ತರರು ಪುಸ್ತಕ ಮುಚ್ಚಿ 1,035 ರೂಪಾಯಿ ಕಟ್ಟಿದರು. ತಮ್ಮ ಖಾಲಿ ಪುಟಗಳು ಖಾಲಿಯಾಗಿಯೇ ಉಳಿದವು. ಅಳಿಯನ ಪರವಾನಗಿಯೂ ಹಾಲಿನಂತೆ ಶುಭ್ರ. ಸಮಾಧಾನವಾಗಬೇಕಾಗಿತ್ತು, ಏಕೋ ಪೂರ್ತಿ ಆಗಲಿಲ್ಲ.

ಆ ದಿನಗಳಲ್ಲೇ ಅವರ ಕಿರಿಯ ಮಗ ದುಬೈಯಿಂದ ರಜೆಯ ಮೇಲೆ ಬಂದಿದ್ದ. ಬೀದರಿನ ಎಷ್ಟೋ ಮನೆಗಳಂತೆ ಈ ಮನೆಯ ಅಡಿಗೆಯ ಒಲೆಗೂ ಕೊಲ್ಲಿಯ ಹಣದ ಶಾಖವುಂಟು. ತಂದೆಯ ಸಂಕಟ ಕೇಳಿ ಅವನು ನಕ್ಕು, ತನ್ನ ಕಥೆ ಹೇಳಿದ. ಅಲ್ಲಿ ದಂಡದ ಹಣದ ಜೊತೆಗೆ ಕಪ್ಪು ಅಂಕಗಳನ್ನೂ ಕೊಡುತ್ತಾರೆ. ಕೆಂಪು ದೀಪ ದಾಟಿದರೆ ಸಾವಿರ ದಿರ್‌ಹಮ್, ಹನ್ನೆರಡು ಅಂಕ. ವರ್ಷದೊಳಗೆ ಇಪ್ಪತ್ತನಾಲ್ಕು ಅಂಕ ಕೂಡಿದರೆ ಪರವಾನಗಿ ಹೋಯಿತು. ಒಂದು ಬೆಳಗಿನ ಜಾವ, ಪಾಳಿ ಮುಗಿಸಿ ಕಣ್ಣು ಕೂರುವ ಹೊತ್ತಿನಲ್ಲಿ, ಅವನಿಗೂ ಅಂಥ ಹನ್ನೆರಡು ಬಿದ್ದಿದ್ದವು. ಮನೆಗೆ ತಿಳಿಸಿರಲಿಲ್ಲ. ತಾಯಿ ಈಗ ಕೇಳಿ, ಅಂಕದ ಲೆಕ್ಕ ಬಿಟ್ಟು, ಪಾಳಿಯ ಲೆಕ್ಕ ಕೇಳತೊಡಗಿದರು.

ಆ ಹನ್ನೆರಡು ಅಂಕ ಬೀದರಿನ ಪರವಾನಗಿಯ ಮೇಲೆ ಬಂದು ಕುಳಿತಿವೆಯೇ? ಇಲ್ಲ. ದುಬೈಯಲ್ಲಿ ಕೆಲಸಕ್ಕಿರುವ ಭಾರತೀಯನು ಅಲ್ಲಿ ಹೊಸದಾಗಿ ಕಲಿತು, ಪರೀಕ್ಷೆ ಕೊಟ್ಟು, ಅಲ್ಲಿನ ಪರವಾನಗಿ ಪಡೆಯಬೇಕು. ಅಂಕಗಳು ಆ ಪರವಾನಗಿಯವು. ವರ್ಷ ಕಳೆದರೆ ಅಳಿಸಿಹೋಗುತ್ತವೆ. ಭಾರತದಲ್ಲಿ ದೇಶಕ್ಕೆಲ್ಲ ಒಂದಾಗಿ ಅಂಥ ಅಂಕದ ಪದ್ಧತಿಯೇ ಇಲ್ಲ. 2017ರ ಆಗಸ್ಟಿನಲ್ಲಿ ತೆಲಂಗಾಣ ತನ್ನ ಮಟ್ಟಿಗೆ ಒಂದನ್ನು ಆರಂಭಿಸಿತ್ತು, ಅಷ್ಟೆ. ಕಡಲಾಚೆಯ ದಂಡದ ಹಣವನ್ನು ಅಲ್ಲಿಯೇ ತೀರಿಸಬೇಕು, ತೀರಿಸದಿದ್ದರೆ ಅಲ್ಲಿಯೇ ಕಾಡುತ್ತದೆ. ಆದರೆ ಷರಾ ಮಾತ್ರ ಕಡಲು ದಾಟುವುದಿಲ್ಲ.

ದಾಟಬಲ್ಲ ಒಂದು ಸಣ್ಣ ದಾರಿ ಉಂಟು. ಪ್ರವಾಸಕ್ಕೆ ಹೋಗುವವರು ತಮ್ಮ ಊರಿನ ಸಾರಿಗೆ ಕಚೇರಿಯಲ್ಲೇ ಅಂತರರಾಷ್ಟ್ರೀಯ ಪರವಾನಗಿ ಪಡೆಯುತ್ತಾರೆ. ಅದರ ಆಯುಸ್ಸು ಒಂದು ವರ್ಷ. ಅದರ ಮೂಲ 1949ರ ಜಿನೀವಾ ಒಪ್ಪಂದ. ಭಾರತ 1962ರಲ್ಲಿ ಅದಕ್ಕೆ ಸೇರಿತು. ಘೋರವಾದ ತಪ್ಪು ಮಾಡಿದ ಪ್ರವಾಸಿಯಿಂದ ಆ ಪರವಾನಗಿಯನ್ನು ಕಿತ್ತುಕೊಂಡು, ಅದರ ಮೇಲೆ ಷರಾ ಬರೆದು, ಕೊಟ್ಟ ಕಚೇರಿಗೆ ಅವನ ಹೆಸರು ವಿಳಾಸ ತಿಳಿಸುವ ಅಧಿಕಾರವನ್ನು ಆ ಒಪ್ಪಂದದ 24ನೆಯ ಅನುಚ್ಛೇದ ಕೊಡುತ್ತದೆ. ಎಲ್ಲೋ ಪರದೇಶದ ಠಾಣೆಯಿಂದ ಬೀದರಿನ ಕಚೇರಿಗೆ ಒಂದು ಕಾಗದ ಬಂದು, ಅದನ್ನು ಒಡೆದು ಓದುವ ಗುಮಾಸ್ತೆಯ ಮುಖವನ್ನು ಊಹಿಸಿಕೊಂಡು ತಂದೆ ಮಗ ಇಬ್ಬರೂ ನಕ್ಕರು. ಇತರ ದೇಶಗಳಲ್ಲಿ ಇದು ನಗೆಯ ಮಾತಲ್ಲ. ಅಮೆರಿಕದ ಬಹುಪಾಲು ರಾಜ್ಯಗಳು 1960ರ ದಶಕದ ಆರಂಭದಿಂದ ಒಪ್ಪಂದ ಮಾಡಿಕೊಂಡು, ಹೊರಗಿನಲ್ಲಿ ಬಿದ್ದ ದಂಡವನ್ನು ತವರು ರಾಜ್ಯದ ದಫ್ತರಕ್ಕೆ ತಲುಪಿಸುತ್ತಿವೆ. ಕೆನಡಾದ ಒಂಟಾರಿಯೋ ಪ್ರಾಂತಕ್ಕೂ ನ್ಯೂಯಾರ್ಕ್ ರಾಜ್ಯಕ್ಕೂ ದೇಶದ ಗಡಿಯನ್ನೇ ದಾಟುವ ಇಂಥ ಏರ್ಪಾಡು ಇದೆ.

ಹೀಗೆ ಮನೆಯೊಳಗಿನ ಪ್ರಶ್ನೆ ಮನರಂಜನೆಯಲ್ಲಿ ಮುಗಿಯುತ್ತಿತ್ತು. ಅಷ್ಟರಲ್ಲಿ ಔರಾದಿನಿಂದ ಒಬ್ಬ ಶಿಷ್ಯನು ಬಂದು ಬಾಗಿಲಲ್ಲಿ ನಿಂತ.

ಐವತ್ತರ ಸಮೀಪದ ಆಳು. ಮಾಸ್ತರರ ಕೈಕೆಳಗೆ ನಾಲ್ಕನೆಯ ಇಯತ್ತೆ ಓದಿದವನು. ಸಾಲ ಮಾಡಿ ಕೊಂಡ ಒಂದು ಬಾಡಿಗೆಯ ಕಾರೇ ಅವನ ಹೊಲ, ಅವನ ಅಂಗಡಿ. ಔರಾದಿನ ರೋಗಿಗಳನ್ನು ಹೈದರಾಬಾದಿಗೆ, ವೈದ್ಯ ಪರೀಕ್ಷೆಗೆ ಓದುವ ಮಕ್ಕಳನ್ನು ಲಾತೂರಿನ ಟ್ಯೂಷನ್ ಕ್ಲಾಸುಗಳಿಗೆ ಮುಟ್ಟಿಸುವುದು ಅವನ ಕಾಯಕ. ಇಪ್ಪತ್ತು ವರ್ಷದಲ್ಲಿ ಒಂದು ಕೋಳಿಗೂ ಗಾಲಿ ತಾಗಿಸಿಲ್ಲವೆಂದು ಊರಲ್ಲಿ ಹೆಸರು. ಲಾತೂರಿನ ಹತ್ತಿರ, ವಿದ್ಯಾರ್ಥಿಯ ತಂದೆ ಮತ್ತೆ ಮತ್ತೆ ಫೋನು ಮಾಡುತ್ತಿದ್ದನೆಂದು, “ಮುಟ್ಟೀವಿ” ಎಂದು ಹೇಳುವಷ್ಟು ಹೊತ್ತು ಅದನ್ನು ಕಿವಿಗೆ ಹಿಡಿದಿದ್ದ. ಓಡುವ ವಾಹನದಲ್ಲಿ ಫೋನು ಹಿಡಿಯುವುದು ಈಗಿನ ಕಾಯ್ದೆಯಲ್ಲಿ ಅಪಾಯಕರ ಚಾಲನೆಯ ಸಾಲಿಗೆ ಸೇರಿದೆ. ಪೊಲೀಸರು ನಿಲ್ಲಿಸಿದರು; ದಂಡ ಹಾಕಿದರು; ಪರವಾನಗಿ ಇಟ್ಟುಕೊಂಡು ರಸೀದಿ ಕೊಟ್ಟರು. ಆ ರಸೀದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಯ ಜೇಬಿನಲ್ಲಿಟ್ಟುಕೊಂಡು ಬಂದಿದ್ದ.

ಅವನು ಕೇಳಲು ಬಂದದ್ದು ಒಂದು ಅರ್ಜಿ. ಮಾಸ್ತರರ ಅಕ್ಷರದಲ್ಲಿ ಬರೆದರೆ ಕಚೇರಿಯಲ್ಲಿ ಬೆಲೆಯುಂಟೆಂದು ಅವನ ನಂಬಿಕೆ. ಪರವಾನಗಿ ಕಳೆದುಹೋಗಿದೆ, ಇನ್ನೊಂದು ಪ್ರತಿ ಕೊಡಬೇಕು ಎಂದು ಬರೆಯಬೇಕಂತೆ. “ಅಲ್ಲಿಂದು ಮಹಾರಾಷ್ಟ್ರದಾಗ ಇರ್ಲಿ ಗುರುಗಳೇ. ಇಲ್ಲಿ ಬೀದರಿನಾಗ ಹೊಸದು ತಗೊಂಡ್ರ ಯಾರಿಗೆ ಗೊತ್ತಾಗ್ತದ?” ಬಸ್ಸು ನಿಲ್ದಾಣದ ಗೆಳೆಯರು ಹೇಳಿಕೊಟ್ಟ ಉಪಾಯ. ರಟ್ಟಿನ ಪುಸ್ತಕದ ಕಾಲದಲ್ಲಿ ಒಂದು ಜಿಲ್ಲೆಗೆ ಕಾಣದ್ದು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಆಗಿನ ಬುದ್ಧಿ ಇಂದಿಗೂ ಬಾಯಿಂದ ಬಾಯಿಗೆ ಹರಿದು ಬರುತ್ತಿದೆ. ಈಗ ಬೀದರಿನ ಮೇಜಿನ ಮೇಲೂ ಲಾತೂರಿನ ಮೇಜಿನ ಮೇಲೂ ತೆರೆಯುವುದು ‘ಸಾರಥಿ’ ಎಂಬ ಒಂದೇ ದಫ್ತರ.

ಮಾಸ್ತರರು ಗದರಿಸಲಿಲ್ಲ. ಕಾಯ್ದೆಯ 182ನೆಯ ಕಲಮನ್ನು ತೆಗೆದು, ಕನ್ನಡದಲ್ಲಿ ನಿಧಾನವಾಗಿ ವಿವರಿಸಿದರು. ಅನರ್ಹನಾಗಿರುವವನು ವಾಹನ ಓಡಿಸಿದರೆ, ಅಥವಾ ಪರವಾನಗಿಗೆ ಅರ್ಜಿ ಹಾಕಿದರೆ, ಅಥವಾ ಹಳೆಯ ಷರಾವನ್ನು ಮುಚ್ಚಿಟ್ಟು ಹೊಸದನ್ನು ಬೇಡಿದರೆ, ಮೂರು ತಿಂಗಳ ಸೆರೆ, ಇಲ್ಲವೆ 10,000 ರೂಪಾಯಿ, ಇಲ್ಲವೆ ಎರಡೂ; ಹಾಗೆ ಪಡೆದ ಪರವಾನಗಿಗೆ ಬೆಲೆಯೂ ಇಲ್ಲ. ಆದೇಶ ಇನ್ನೂ ಬಂದಿಲ್ಲವಾದರೂ, ಪೊಲೀಸರ ಕೈಯಲ್ಲಿರುವುದನ್ನು ಕಳೆದುಹೋಯಿತೆಂದು ಬರೆದುಕೊಡುವುದು ಹಸಿ ಸುಳ್ಳು. ಶಿಷ್ಯನ ಮುಖ ಬಿಳಿಚಿಕೊಂಡಿತು. ತಪ್ಪು ಫೋನಿನದು, ಅದಕ್ಕೆ ಸುಳ್ಳನ್ನು ಸೇರಿಸಲು ಹೊರಟಿದ್ದನೆಂದು ಅವನಿಗೆ ಅರಿವಾಯಿತು.

ಆ ಅರ್ಜಿಯ ಬದಲು ಮಾಸ್ತರರು ಬೇರೊಂದನ್ನು ಬರೆದುಕೊಟ್ಟರು. ತಪ್ಪನ್ನು ಒಪ್ಪಿಕೊಂಡಿದ್ದಾನೆ, ಇಪ್ಪತ್ತು ವರ್ಷದಲ್ಲಿ ಇದೇ ಮೊದಲನೆಯದು, ಮನೆಯ ದುಡಿಮೆ ಇದೊಂದೇ, ದಯಮಾಡಿ ಪರಿಶೀಲಿಸಬೇಕು ಎಂದಿಷ್ಟೇ. ವಿಚಾರಣೆಯ ದಿನ ಜೊತೆಗೂ ಹೋದರು. ಅಧಿಕಾರಿ ಓದಿದರು, ಸೌಜನ್ಯದಿಂದ ಮಾತನಾಡಿದರು, ಮೂರು ತಿಂಗಳು ಬರೆದರು.

ಹೊರಗೆ ಬೇವಿನ ಮರದ ಕೆಳಗೆ ನಿಂತಾಗ ಶಿಷ್ಯನು ಏನೂ ಹೇಳಲಿಲ್ಲ. ಮಾಸ್ತರರ ತಲೆಯಲ್ಲಿ ಮಾತ್ರ ಒಂದು ಲೆಕ್ಕ ನಿಲ್ಲದೆ ನಡೆಯುತ್ತಿತ್ತು. ವೇಗ ಮೀರಿದ ಅಳಿಯನನ್ನು ಆ ದಿನ ಕ್ಯಾಮೆರಾದ ಬದಲು ಪೊಲೀಸನೊಬ್ಬ ಕಂಡಿದ್ದರೆ, ಅದೇ ಉಪಕಲಮಿನಂತೆ ಅವನ ಪರವಾನಗಿಯೂ ಇದೇ ಮೇಜಿಗೆ ಬರಬಹುದಾಗಿತ್ತು. ಕಂಡದ್ದು ಯಂತ್ರ, ಆದುದರಿಂದ ಮಾವನ ಕೈಯಿಂದ ಸಾವಿರದ ಚಿಲ್ಲರೆಯಲ್ಲಿ ಮುಗಿಯಿತು. ಈ ಬಡವನನ್ನು ಕಂಡದ್ದು ಮನುಷ್ಯ. ಕಾಯ್ದೆ ಇಬ್ಬರಿಗೂ ಒಂದೇ, ಕಣ್ಣು ಬೇರೆ. ಫೋನು ಹಿಡಿದು ಓಡಿಸುವುದು ಸಣ್ಣ ತಪ್ಪೆಂದು ಇದರ ಅರ್ಥವಲ್ಲ. ಹೆದ್ದಾರಿಯಲ್ಲಿ ಒಂದು ಗಳಿಗೆಯ ಮರೆವು ಏನು ಮಾಡೀತೆಂಬುದನ್ನು ಬೀದರಿನ ಆಸ್ಪತ್ರೆಯ ಅಪಘಾತ ವಾರ್ಡು ದಿನವೂ ಹೇಳುತ್ತದೆ. ಆದರೂ ಹೊಟ್ಟೆಪಾಡಿಗೆ ಓಡಿಸುವವನ ಮೂರು ತಿಂಗಳೂ ಚಿಕ್ಕಮ್ಮನ ಮನೆಗೆ ಹೋಗಲು ಓಡಿಸುವವನ ಮೂರು ತಿಂಗಳೂ ಒಂದೇ ಅಳತೆಯವೆಂದು ಹೇಳಲು ಮಾಸ್ತರರ ನಾಲಿಗೆ ಏಳಲಿಲ್ಲ.

ಆ ಮೂರು ತಿಂಗಳು ತೊಗರಿ ಕೊಯ್ಲಿನ ಕಾಲಕ್ಕೆ ಬಂದದ್ದೇ ಪುಣ್ಯ. ಶಿಷ್ಯನು ಪರರ ಹೊಲದಲ್ಲಿ ಕೂಲಿಗೆ ಹೋದ. ಕಾರು ಮನೆಯ ಮುಂದೆ ಹಳೆಯ ಸೀರೆ ಹೊದ್ದು ನಿಂತಿತು. ಸಾಲದ ಕಂತಿಗೆ ಹೆಂಡತಿಯ ಬೋರಮಾಳ ಸರ ಒತ್ತೆ ಹೋಯಿತು. ಅಮಾನತ್ತಾದವರು ಮರುತರಬೇತಿ ಮುಗಿಸಬೇಕೆಂಬುದೂ ನಿಯಮ. ಐವತ್ತರ ಪ್ರಾಯದಲ್ಲಿ ಮತ್ತೆ ಬೆಂಚಿನ ಮೇಲೆ ಕುಳಿತು, ಕೈ ಎತ್ತಿ ಉತ್ತರ ಹೇಳಿ ಬಂದ.

ಅವಧಿ ಮುಗಿಯಲು ಹತ್ತು ದಿನ ಉಳಿದಿತ್ತು. ಅವನ ಸಣ್ಣ ಮಗಳಿಗೆ ಜ್ವರ ಏರಿ, ಹೈದರಾಬಾದಿಗೆ ಒಯ್ಯಿರೆಂದು ಬೀದರಿನ ವೈದ್ಯರು ಹೇಳಿದರು. ಮಾಸ್ತರರು ತಮ್ಮ ಕಾರಿನ ಬೀಗದ ಕೈ ತೆಗೆದರು. ಓಡಿಸಲು ಭಾಲ್ಕಿಯ ಅಳಿಯನನ್ನು ಕರೆಸಿದರು. ದಂಡದ ಪ್ರಸಂಗವಾದಂದಿನಿಂದ ಆ ಬೀಗದ ಕೈಯ ಗೂಟಕ್ಕೆ ಒಂದು ಹಾಜರಿ ಪುಸ್ತಕ ನೇತುಬಿದ್ದಿದೆ. ಕಾರು ಒಯ್ಯುವವರು ತಾರೀಖು, ಊರು, ಓಡಿಸುವವರ ಹೆಸರು ಬರೆದು ಸಹಿ ಮಾಡಬೇಕು. ಮಗನಿಗೂ ವಿನಾಯಿತಿ ಇಲ್ಲ. ಅಳಿಯ ಗೊಣಗುತ್ತ ಸಹಿ ಹಾಕಿದ. ಮಗಳನ್ನು ಹಿಂದಿನ ಆಸನದಲ್ಲಿ ತಾಯಿಯ ತೊಡೆಯ ಮೇಲೆ ಮಲಗಿಸಿ ಬಂದ ಶಿಷ್ಯನೂ ಲೇಖನಿ ಕೇಳಿದ. ಓಡಿಸುವವರು ಮಾತ್ರ ಬರೆದರೆ ಸಾಕೆಂದು ಮಾಸ್ತರರು ಹೇಳಿದರು. ಅವನು ಕೇಳಲಿಲ್ಲ. ನಾಲ್ಕನೆಯ ಇಯತ್ತೆಯ ಗುಂಡನೆಯ ಅಕ್ಷರಗಳಲ್ಲಿ ತನ್ನ ಹೆಸರು ಬರೆದು, ಅದರ ಮುಂದೆ ‘ಪಕ್ಕದ ಸೀಟು’ ಎಂದು ಸೇರಿಸಿದ. ಆ ಸಂಜೆ ಜಹೀರಾಬಾದ್ ದಾಟಿದ ಮೇಲೆ ವೇಗದ ಮುಳ್ಳು ಮೇಲೇರಿದಾಗಲೆಲ್ಲ ಅವನು ಸುಮ್ಮನೆ ಅಳಿಯನ ತೋಳು ಮುಟ್ಟುತ್ತಿದ್ದನಂತೆ. ಫೋನು ಬಂದಾಗಲೆಲ್ಲ ತಾನೇ ಎತ್ತಿ, “ಬರ್ತಾ ಇದೀವಿ” ಎಂದು ಹೇಳಿ ಇಡುತ್ತಿದ್ದನಂತೆ.